‘ಮತ’ ಎಂಬ ಪದದ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ನನ್ನ ವಿಷಯ ಗಣಿತ. ಸಮಾಜ ವಿಜ್ಞಾನದ ಬದಲಿ ಅವಧಿ ಬಂದಾಗ ಒಂಬತ್ತನೇ ತರಗತಿಗೆ ‘ಚುನಾವಣೆ’ ಘಟಕವನ್ನು ವ್ಯಾಖ್ಯೆಯಿಂದ ಆರಂಭಿಸದೆ ಹಲಗೆಯ ಮೇಲೆ ಒಂದು ವಾಕ್ಯ ಬರೆದೆ: ‘ಮತದ ಹೆಸರಿನಲ್ಲಿ ಮತ ಕೇಳಬಾರದು.’ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಪ್ರಕರಣದಲ್ಲಿ ಈ ನಿಷೇಧವಿದೆ. ಎರಡು ‘ಮತ’ಗಳೂ ಒಂದೆಯೇ ಎಂದಾಗ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಮೊದಲ್ನೇದು ಜಾತಿ ಸಾ, ಎರಡ್ನೇದು ಓಟು.”

ಸಂಸ್ಕೃತದ ‘ಮನ್’ ಎಂದರೆ ಯೋಚಿಸು. ಮನಸ್ಸು, ಮತಿ, ಮಂತ್ರಿ ಎಲ್ಲವೂ ಆ ಧಾತುವಿನವೇ. ‘ಮತ’ ಎಂದರೆ ಯೋಚಿಸಿದ್ದು, ಅಭಿಪ್ರಾಯ. ಆಚಾರ್ಯರೊಬ್ಬರ ಅಭಿಪ್ರಾಯ ಅವರ ಮತವಾಯಿತು. ಅದನ್ನು ಒಪ್ಪಿದವರ ಪಂಥಕ್ಕೂ ಅದೇ ಹೆಸರು ನಿಂತಿತು. ಕೊನೆಗೆ ಹುಟ್ಟಿನಿಂದ ಬರುವುದೂ ಮತವೇ ಆಯಿತು. ಯೋಚಿಸಿ ಒಪ್ಪಿದ್ದು ಯೋಚಿಸದೆ ಬರುವುದಾಯಿತು! ಚುನಾವಣೆಯ ಮತ ಮಾತ್ರ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಬಹುಮತ, ಒಮ್ಮತ, ಭಿನ್ನಮತಗಳಲ್ಲೂ ಅದೇ ಅರ್ಥ.

‘ಓಟು’ ಬಂದದ್ದು ಇಂಗ್ಲಿಷಿನಿಂದ. ಅದರ ಬೇರು ಲ್ಯಾಟಿನ್ನಿನ ‘ವೋಟಮ್’, ಅಂದರೆ ಹರಕೆ. ಹನೂರು ಕಡೆಯ ಮಕ್ಕಳಿಗೆ ಹರಕೆಯನ್ನು ವಿವರಿಸಬೇಕಿಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು ಕಂಡೇ ಬೆಳೆದವರು. ಒಬ್ಬ ಹುಡುಗಿ ಎದ್ದು ನಿಂತಳು: “ಹರಕೆ ಅಂದ್ರೆ ನಾವು ಕೊಡ್ಬೇಕು. ಓಟಿಗೆ ಅವ್ರೇ ಮನೆಗೆ ಬಂದು ಕೊಡ್ತಾರಲ್ಲ ಸಾ?”

ಪಾಠ ಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಉಳಿದದ್ದನ್ನು ಬಿಟ್ಟು ‘ಮತದಾನ’ವನ್ನು ಬಿಡಿಸಿದೆವು. ಬೆಲೆ ಪಡೆದರೆ ಅದು ದಾನವಲ್ಲ, ಮಾರಾಟ ಎಂದು ಮಕ್ಕಳೇ ಹೇಳಿದರು. ಆದರೆ ದಾನ ಎಂಬ ಮಾತೂ ನನಗೆ ಪೂರ್ತಿ ಹಿಡಿಸದು. ದಾನ ಕೊಟ್ಟ ಮೇಲೆ ಲೆಕ್ಕ ಕೇಳುವಂತಿಲ್ಲ. ಮತ ಕೊಟ್ಟವರು ಐದು ವರ್ಷವೂ ಕೇಳಬಹುದು. ‘ಮತ ಚಲಾಯಿಸು’ ಎಂಬುದರಲ್ಲಿ ಹಕ್ಕಿನ ಧ್ವನಿ ಇದೆ.

“ನನ್ನೊಂದು ಓಟಿಂದ ಏನಾಯ್ತದೆ?” ಎಂಬ ಮಾತಿಗೆ ಲೆಕ್ಕವನ್ನೇ ಕೊಟ್ಟೆ. ಯಳಂದೂರಿನ ಪಕ್ಕದ ಸಂತೇಮರಹಳ್ಳಿ ಆಗ ವಿಧಾನಸಭಾ ಕ್ಷೇತ್ರ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ. ಕಳೆದು ನೋಡಿದ ಮಕ್ಕಳು ಲೆಕ್ಕ ತಪ್ಪಿತೆಂದು ಮತ್ತೊಮ್ಮೆ ಕಳೆದರು.

ಮನೆಗೆಲಸವಾಗಿ ‘ಮತ’ ಸೇರಿದ ಐದು ಪದ ಬರೆದು, ಯಾವುದರಲ್ಲಿ ಯೋಚನೆ, ಯಾವುದರಲ್ಲಿ ಹುಟ್ಟು ಎಂದು ವಿಂಗಡಿಸಲು ಹೇಳಿದ್ದೆ. ‘ಮತಾಂತರ’ ಎಲ್ಲಿಗೆ ಸೇರಬೇಕೆಂದು ಮರುದಿನ ತರಗತಿ ಎರಡು ಪಂಗಡವಾಯಿತು. ಎರಡೂ ಕಡೆಯ ಕಾರಣಗಳನ್ನು ಹಲಗೆಯ ಮೇಲೆ ಅವರಿಂದಲೇ ಬರೆಸಿದೆ.