ಪಾಚಿಯನ್ನು ಅರೆಯದೆ ಅದರ ಬಣ್ಣ ಅಳೆಯುವುದು

ಪಾಚಿಯ ವರ್ಣದ್ರವ್ಯವನ್ನು ಅಳೆಯಲು ಕಲಿಯುವವರು ಮೊದಲು ಅದನ್ನು ಅಸಿಟೋನಿನಲ್ಲಿ ಅರೆದು ಸೋಸುತ್ತಾರೆ. ತಿಳಿಹಸಿರು ದ್ರಾವಣವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟರೆ, ಪತ್ರಹರಿತ್ತು ‘ಎ’ ಕೆಂಪು ಬೆಳಕನ್ನು ಹೀರುವ ಶಿಖರ 663 ನ್ಯಾನೊಮೀಟರ್ ಹತ್ತಿರ ಕಾಣುತ್ತದೆ. ಈಗ ಅದೇ ಪಾಚಿಯನ್ನು ಅರೆಯದೆ, ಜೀವಂತವಾಗಿಯೇ ಅಳೆಯಿರಿ. ಶಿಖರ 675–680 ನ್ಯಾನೊಮೀಟರಿನ ಕಡೆಗೆ ಸರಿದಿರುತ್ತದೆ! ಜೀವಕೋಶದೊಳಗೆ ಪತ್ರಹರಿತ್ತಿನ ಅಣುಗಳು ಪ್ರೋಟೀನಿಗೆ ಅಂಟಿಕೊಂಡು, ಒಂದರ ಪಕ್ಕ ಒಂದು ಒತ್ತಾಗಿ ಇರುತ್ತವೆ. ಹೀರುವ ಅಲೆಯುದ್ದವನ್ನು ಸರಿಸುವುದು ಈ ಜೋಡಣೆಯೇ. ಅರೆದರೆ ಅದು ಕಳಚಿಹೋಗುತ್ತದೆ. ವರ್ಣದ್ರವ್ಯ ಎಷ್ಟಿದೆ ಎಂದು ತಿಳಿಯಲು ಅರೆಯಬಹುದು. ಅದು ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಎಂದು ತಿಳಿಯಲು ಪಾಚಿ ಬದುಕಿರಲೇಬೇಕು.

ತೊಡಕು ಇಲ್ಲಿಂದ ಶುರು. ಪಾಚಿ ತೇಲುವ ನೀರು ಬೆಳಕನ್ನು ನೇರವಾಗಿ ಬಿಡುವುದಿಲ್ಲ. ಮಂಜಿನಲ್ಲಿ ಟಾರ್ಚ್ ಹಾಕಿದ ಹಾಗೆ ಅದು ಎಲ್ಲ ದಿಕ್ಕಿಗೂ ಚದುರುತ್ತದೆ. ತನಗೆ ತಲುಪದ ಬೆಳಕನ್ನೆಲ್ಲ ಪಾಚಿಯೇ ಹೀರಿತೆಂದು ಉಪಕರಣ ಲೆಕ್ಕ ಹಾಕುತ್ತದೆ. ಹಾಗಾಗಿ ಮೊದಲು 750 ನ್ಯಾನೊಮೀಟರಿನ ಅಂಕಿ ನೋಡಿ. ಅಲ್ಲಿ ಪತ್ರಹರಿತ್ತು ಹೀರುವುದು ಬಹಳ ಕಡಿಮೆ. ಅಂಕಿ ದೊಡ್ಡದಿದ್ದರೆ ಅದು ಹೆಚ್ಚಾಗಿ ಚದುರಿದ ಬೆಳಕಿನದೇ. ಪಾಚಿ ನೀರು ತುಂಬಿದ ಪುಟ್ಟ ಪಾತ್ರೆಯ, ಅಂದರೆ ಕ್ಯುವೆಟ್ಟಿನ, ಹಿಂದೆ ಹಾಲುಬಣ್ಣದ ಓಪಲ್ ಗಾಜು ಇಟ್ಟರೆ ಈ ದೋಷ ಬಹಳ ಮಟ್ಟಿಗೆ ತಗ್ಗುತ್ತದೆ. ಪಾಚಿಯಿಲ್ಲದ, ಬರೀ ನೀರಿನ ಕ್ಯುವೆಟ್ಟಿಗೂ ಅಂಥದೇ ಗಾಜು ಇಡಲು ಮರೆಯಬೇಡಿ.

ಜೀವಂತ ಪಾಚಿಯನ್ನೇ ಕೇಳುವ ಈ ದಾರಿ ಹಳೆಯದು. 1882ರಲ್ಲಿ ವಿಜ್ಞಾನಿ ಎಂಗೆಲ್‌ಮನ್ ಸೂಕ್ಷ್ಮದರ್ಶಕದಡಿ ಹಸಿರು ಪಾಚಿಯ ಎಳೆಯ ಮೇಲೆ ಪುಟ್ಟ ರೋಹಿತವನ್ನು ಬೀಳಿಸಿದರು. ಆಮ್ಲಜನಕವನ್ನು ಅರಸುವ ಬ್ಯಾಕ್ಟೀರಿಯಾಗಳು ಕೆಂಪು ಮತ್ತು ನೀಲಿ ಬಿದ್ದ ಕಡೆ ಗುಂಪುಗೂಡಿದವು. ಯಾವ ಬಣ್ಣ ಪಾಚಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಅವೇ ತೋರಿಸಿಕೊಟ್ಟವು. ಇಷ್ಟು ಸರಳವಾದ, ಇಷ್ಟು ಚೆಂದದ ಪ್ರಯೋಗಗಳು ಜೀವವಿಜ್ಞಾನದಲ್ಲಿ ವಿರಳ.

1956ರಲ್ಲಿ ವಿಜ್ಞಾನಿ ಬೆಸೆಲ್ ಕಾಕ್ ಇನ್ನೂ ಸೂಕ್ಷ್ಮವಾದದ್ದನ್ನು ಕಂಡರು. ಬೆಳಕು ಬಿದ್ದೊಡನೆ 700 ನ್ಯಾನೊಮೀಟರ್ ಆಸುಪಾಸಿನ ಹೀರಿಕೆ ತುಸು ಇಳಿಯುತ್ತದೆ, ಕತ್ತಲಾದರೆ ಮರಳುತ್ತದೆ. ಬೆಳಕಿನ ಶಕ್ತಿಯಿಂದ ಎಲೆಕ್ಟ್ರಾನ್ ಕಳೆದುಕೊಂಡು ಮತ್ತೆ ಪಡೆಯುವ ಕೆಲವೇ ಪತ್ರಹರಿತ್ತು ಅಣುಗಳ ಗುರುತು ಅದು. ಅವುಗಳಿಗೆ ಪಿ700 ಎಂದು ಹೆಸರು. ಬದಲಾವಣೆ ತೀರಾ ಚಿಕ್ಕದಾದ್ದರಿಂದ ಬೆಳಕಿನಲ್ಲಿ ಬಂದ ಅಳತೆಯಿಂದ ಕತ್ತಲಿನ ಅಳತೆಯನ್ನು ಕಳೆದು ನೋಡಬೇಕು.

ಅಳೆಯಲು ಬಿಡುವ ಬೆಳಕೂ ಪಾಚಿಗೆ ಬೆಳಕೇ, ಅದಕ್ಕೂ ವರ್ಣದ್ರವ್ಯ ಸ್ಪಂದಿಸುತ್ತದೆ. ಆದ್ದರಿಂದ ಆ ಬೆಳಕು ಆದಷ್ಟು ಮಂಕಾಗಿರಲಿ. ಪಾಚಿಯನ್ನು ಮೊದಲು ಸ್ವಲ್ಪ ಹೊತ್ತು ಕತ್ತಲಲ್ಲಿಡಿ. ಎಷ್ಟು ಹೊತ್ತು ಇಟ್ಟಿರೆಂಬುದನ್ನು ಪ್ರತಿ ಸಲವೂ ಬರೆದಿಡಿ.