ಹಾಗರಳೂ ಅರಣ್ಯದ ಬಾವಿಯೂ
ತಾಯಂದಿರಿಗೆ ಧೈರ್ಯ ಹೇಳುವ ಒಂದು ಪಾಠ

ಓದತಕ್ಕ ಭಾಗ: ಆದಿಕಾಂಡ 16ನೆಯ ಅಧ್ಯಾಯ, 21ನೆಯ ಅಧ್ಯಾಯದ 8ರಿಂದ 21ನೆಯ ವಚನದ ವರೆಗೆ.



ಹತ್ತಿ ಬಿಡಿಸುವ ಕಾಲದಲ್ಲಿ ನಾವು ನಮ್ಮ ಸಭೆಯ ಒಂದು ಮನೆಗೆ ಹೋದೆವು. ಆ ಮನೆಯ ತಾಯಿಯು ನಾಲ್ಕು ಭಾನುವಾರಗಳಿಂದ ಆರಾಧನೆಗೆ ಬಾರದೆ ಇದ್ದದರಿಂದ ಆಕೆಯನ್ನು ಎಚ್ಚರಿಸಬೇಕೆಂಬದೇ ನಮ್ಮ ಉದ್ದೇಶವಾಗಿತ್ತು. ಹೊಸ್ತಿಲಲ್ಲಿ ನಿಂತು ಕರ್ತನ ದಿನದ ಮಹತ್ವವನ್ನು ಕುರಿತು ಬಹಳ ಮಾತಾಡಿದೆವು. ಆಕೆಯ ಮಡಿಲಲ್ಲಿ ಜ್ವರ ಬಂದ ಕೂಸು. ಸೆರಗು ಹಿಡಿದು ಅಳುವ ಇನ್ನೊಂದು ಮಗು. ಒಲೆಯ ಮೇಲೆ ಉಕ್ಕುವ ಗಂಜಿ. ಆಕೆಯು ತಲೆಯೆತ್ತದೆ, “ಅಯ್ಯನವರೇ, ರಾತ್ರಿಯೆಲ್ಲಾ ಕಣ್ಣು ಮುಚ್ಚಿಲ್ಲ. ಪ್ರಾರ್ಥಿಸಬೇಕೆಂದು ಕೂತರೆ ಮಾತೇ ಬರುವದಿಲ್ಲ. ದೇವರು ನನ್ನ ಕೈ ಬಿಟ್ಟನೋ ಏನೋ” ಅಂದಳು. ನಮ್ಮ ಬಾಯಿ ಕಟ್ಟಿಹೋಯಿತು. ಮನೆಗೆ ತಿರುಗಿ ಬಂದು ಸತ್ಯವೇದವನ್ನು ತೆರೆದಾಗ ಹಾಗರಳ ಚರಿತ್ರೆಯು ಮೊದಲು ನಮ್ಮನ್ನು ಗದರಿಸಿ, ಬಳಿಕ ಆ ತಾಯಿಗೆ ಹೇಳತಕ್ಕ ಮಾತನ್ನು ಕೊಟ್ಟಿತು. ಅದನ್ನೇ ಇಲ್ಲಿ ಬರೆಯುತ್ತೇವೆ.

1. ಪ್ರಾರ್ಥಿಸದವಳನ್ನೂ ದೇವರು ಹುಡುಕಿದನು

ಹಾಗರಳು ಐಗುಪ್ತ ದೇಶದವಳು, ಸಾರಯಳ ದಾಸಿ. ಆಕೆಯ ಇಷ್ಟವನ್ನು ಯಾರೂ ಕೇಳದೆ ಆಕೆಯನ್ನು ಅಬ್ರಾಮನಿಗೆ ಕೊಟ್ಟರು. ಗರ್ಭಿಣಿಯಾದ ಮೇಲೆ ಆಕೆಯು ಯಜಮಾನಿಯನ್ನು ತಾತ್ಸಾರ ಮಾಡಿದಳು. ಯಜಮಾನಿಯು ಆಕೆಯನ್ನು ಬಾಧಿಸಿದಳು. ಆಕೆಯು ಅರಣ್ಯಕ್ಕೆ ಓಡಿಹೋದಳು. ಆಕೆಯು ಅಲ್ಲಿ ಪ್ರಾರ್ಥಿಸಿದಳೆಂದು ವೇದದಲ್ಲಿ ಬರೆದಿಲ್ಲ. ಆದರೂ ಶೂರಿನ ದಾರಿಯಲ್ಲಿರುವ ಬುಗ್ಗೆಯ ಬಳಿಯಲ್ಲಿ ಕರ್ತನ ದೂತನು ಆಕೆಯನ್ನು ಕಂಡು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ವಿಚಾರಿಸಿದನು. ಎಲ್ಲಿಂದ ಬಂದೆನೆಂಬದನ್ನು ಮಾತ್ರ ಆಕೆಯು ಹೇಳಿದಳು. ಎಲ್ಲಿಗೆ ಹೋಗುವದೆಂಬದಕ್ಕೆ ಆಕೆಯಲ್ಲಿ ಉತ್ತರವಿರಲಿಲ್ಲ. ಆ ಅರ್ಧ ಉತ್ತರವೇ ದೇವರಿಗೆ ಸಾಕಾಯಿತು. ಆದದರಿಂದ ತಾಯಂದಿರೇ, ಮಾತು ಬಾರದೆ ನಿಟ್ಟುಸಿರು ಮಾತ್ರ ಬಂದರೆ ಹೆದರಬೇಡಿರಿ. ಹೇಗೆ ಪ್ರಾರ್ಥಿಸಬೇಕೋ ತಿಳಿಯದ ನಮಗಾಗಿ ಪವಿತ್ರಾತ್ಮನು ತಾನೇ ನರಳುತ್ತಾ ಬೇಡಿಕೊಳ್ಳುತ್ತಾನೆಂದು ಪೌಲನು ರೋಮಾಪುರದವರಿಗೆ ಬೋಧಿಸಿದ್ದಾನೆ (8:26).

ಆಗ ದೂತನು ಆಕೆಯನ್ನು ಯಜಮಾನಿಯ ಬಳಿಗೆ ತಿರುಗಿ ಕಳುಹಿಸಿದ್ದು ನಿಜ. ಆದರೆ ಈ ಒಂದು ಮಾತನ್ನು ಹಿಡಿದುಕೊಂಡು, ಪೆಟ್ಟು ತಿಂದು ಬಂದ ಹೆಂಗಸಿಗೆ ಸುಮ್ಮನೆ ಹಿಂದಿರುಗಿ ಹೋಗೆಂದು ಯಾರೂ ಹೇಳಬಾರದು. ಎರಡನೆಯ ಸಾರಿ ಆಕೆಯು ಅರಣ್ಯದಲ್ಲಿ ಅಲೆದಾಗ ದೇವರು ಆಕೆಯನ್ನು ತಿರುಗಿ ಕಳುಹಿಸದೆ ಅಲ್ಲಿಯೇ ಬದುಕಿಸಿದನೆಂಬದನ್ನೂ ಓದಬೇಕು.

2. ದಿನವೂ ಕರೆದ ಹೆಸರು

ಹುಟ್ಟುವ ಮಗನಿಗೆ ಇಷ್ಮಾಯೇಲನೆಂದು ಹೆಸರಿಡಬೇಕೆಂದು ದೂತನು ಹೇಳಿದನು. ಆ ಹೆಸರಿಗೆ ‘ದೇವರು ಕೇಳುತ್ತಾನೆ’ ಎಂದು ಅರ್ಥ. ಹಾಗರಳು ಸಹ ದೇವರಿಗೆ ಒಂದು ಹೆಸರಿಟ್ಟಳು; ಆತನು ತನ್ನನ್ನು ನೋಡುವ ದೇವರೆಂದಳು. ದಾಸಿಯೆಂದು ಎಲ್ಲರೂ ಕಂಡೂ ಕಾಣದಂತಿದ್ದವಳನ್ನು ದೇವರು ನೋಡಿದನು.

ಇಷ್ಮಾಯೇಲನು ಹುಟ್ಟಿದಾಗ ಅಬ್ರಾಮನಿಗೆ 86 ವರುಷ. ಇಸಾಕನು ಹುಟ್ಟಿದಾಗ 100 ವರುಷ. ಇಸಾಕನು ಮೊಲೆಬಿಟ್ಟ ಮೇಲೆ ಹಾಗರಳೂ ಅವಳ ಮಗನೂ ಮನೆಯಿಂದ ಕಳುಹಿಸಲ್ಪಟ್ಟರು. ಹೀಗಿರಲಾಗಿ ಇಷ್ಮಾಯೇಲನು ಆಗ ಎದೆಹಾಲಿನ ಕೂಸಲ್ಲ, 14 ವರುಷ ದಾಟಿದ ಹುಡುಗನು. ತಾಯಿಯ ಸಂಕಟವು ತೊಟ್ಟಿಲಿನೊಂದಿಗೆ ಮುಗಿಯುವದಿಲ್ಲವೆಂದು ದೊಡ್ಡ ಮಕ್ಕಳುಳ್ಳ ತಾಯಂದಿರು ಬಲ್ಲರು. ಅಷ್ಟು ವರುಷ ಹಾಗರಳು ಮಗನನ್ನು ಊಟಕ್ಕೆ ಕರೆದಾಗಲೂ ಗದರಿಸಿದಾಗಲೂ ‘ದೇವರು ಕೇಳುತ್ತಾನೆ’ ಎಂಬ ಮಾತೇ ಆಕೆಯ ಬಾಯಲ್ಲಿತ್ತು. ಆದರೂ ಬೇರ್ಷೆಬದ ಅರಣ್ಯದಲ್ಲಿ ತಿತ್ತಿಯ ನೀರು ಮುಗಿದಾಗ ಆಕೆಯು ಅದನ್ನು ಮರೆತಳು. ಮಗನನ್ನು ಒಂದು ಗಿಡದ ಕೆಳಗೆ ಬಿಟ್ಟು, ಅವನು ಸಾಯುವದನ್ನು ನೋಡಲಾರದೆ ಬಿಲ್ಲೆಸುಗೆಯ ದೂರದಲ್ಲಿ ಕೂತು ಅತ್ತಳು. ಮರೆತವಳಿಗೆ ದೇವರು ದಂಡನೆಯನ್ನು ಕೊಡಲಿಲ್ಲ. ಆ ಹೆಸರಿನ ಪ್ರಕಾರವೇ ಹುಡುಗನ ಧ್ವನಿಯನ್ನು ಕೇಳಿದನು. ತಾಯಿಯ ವಿಶ್ವಾಸವು ಕುಗ್ಗಿದರೂ ದೇವರ ನಂಬಿಗಸ್ತಿಕೆಯು ಕುಗ್ಗುವದಿಲ್ಲ.

3. ತೋರಿಸುವದು ದೇವರದು, ತುಂಬಿಕೊಳ್ಳುವದು ನಮ್ಮದು

ದೇವರು ಆಕೆಯ ಕಣ್ಣು ತೆರೆದಾಗ ಆಕೆಯು ನೀರಿನ ಬಾವಿಯನ್ನು ಕಂಡಳು. ದಣಿವಿನಿಂದಲೂ ಕಣ್ಣೀರಿನಿಂದಲೂ ಆಕೆಗೆ ಅದು ಕಾಣದೆ ಹೋಗಿತ್ತು. ಬಳಿಕ ಆಕೆಯು ತಾನೇ ಎದ್ದು ಹೋಗಿ ತಿತ್ತಿಯನ್ನು ತುಂಬಿ ಮಗನಿಗೆ ಕುಡಿಸಿದಳು. ಮಗುವಿಗೆ ಕಾಯಿಲೆಯಾದಾಗ ಪ್ರಾರ್ಥಿಸಿದ್ದೇವಲ್ಲಾ, ಔಷಧವೇಕೆ ಅನ್ನುವವರು ಇದನ್ನು ಯೋಚಿಸಲಿ. ತಾಯಿತ ಕಟ್ಟಿಸುವದರಿಂದಲೂ ದೃಷ್ಟಿ ತೆಗೆಯುವದರಿಂದಲೂ ಬಾವಿಯು ಸಿಕ್ಕುವದಿಲ್ಲ. ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬದು ತಪ್ಪಾದ ಮಾತು. ಎದೆಹಾಲನ್ನು ನಿಲ್ಲಿಸದೆ, ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿರುವಷ್ಟು ಶುದ್ಧವಾದ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಾ, ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಹೆರಿಗೆಯ ತರುವಾಯ ಕೆಲವು ತಾಯಂದಿರ ಮನಸ್ಸನ್ನು ಕವಿಯುವ ಗಾಢವಾದ ದುಃಖವು ಅವಿಶ್ವಾಸವೂ ಅಲ್ಲ, ದೆವ್ವದ ಕಾಟವೂ ಅಲ್ಲ. ಅದು ಚಿಕಿತ್ಸೆಯಿಂದ ಗುಣವಾಗತಕ್ಕ ರೋಗವೆಂದು ವೈದ್ಯರು ಬಲ್ಲರು. ಇವೆಲ್ಲವೂ ದೇವರು ತೋರಿಸುವ ಬಾವಿಗಳೇ.

4. ಮಗನನ್ನು ಕಳಕೊಂಡ ತಾಯಿ

ಹಾಗರಳ ಮಗನು ಬದುಕಿ ಪಾರಾನಿನ ಅರಣ್ಯದಲ್ಲಿ ಬಿಲ್ಲುಗಾರನಾದನು. ಎಲ್ಲಾ ತಾಯಂದಿರ ಮಕ್ಕಳು ಹಾಗೆ ಬದುಕುವದಿಲ್ಲವೆಂದು ನಮಗೆ ಗೊತ್ತದೆ. ನಮ್ಮ ಕೈಯಿಂದಲೇ ಚಿಕ್ಕ ಚಿಕ್ಕ ಗೋರಿಗಳಿಗೆ ಮಣ್ಣು ಹಾಕಿದ್ದೇವೆ. ಆ ತಾಯಂದಿರಿಗೆ, ನಿನ್ನ ವಿಶ್ವಾಸವು ಕಡಿಮೆಯಾಗಿತ್ತು ಎಂದು ಹೇಳುವವನು ದೇವರ ಹೆಸರಿನಲ್ಲಿ ಗಾಯದ ಮೇಲೆ ಬರೆ ಎಳೆಯುತ್ತಾನೆ. ಸ್ತ್ರೀಯರಲ್ಲಿ ಆಶೀರ್ವಾದ ಹೊಂದಿದ ಮರಿಯಳೇ ಶಿಲುಬೆಯ ಬಳಿಯಲ್ಲಿ ನಿಂತು ಮಗನ ಸಾವನ್ನು ಕಂಡಳು. ಯೇಸುವು ಆ ವೇದನೆಯಲ್ಲಿಯೂ ತಾಯಿಯನ್ನು ಮರೆಯದೆ ಪ್ರಿಯ ಶಿಷ್ಯನಿಗೆ ಒಪ್ಪಿಸಿದನು. ಅಂದಿನಿಂದ ಆ ಶಿಷ್ಯನು ಆಕೆಯನ್ನು ತನ್ನ ಮನೆಗೆ ಸೇರಿಸಿಕೊಂಡನು (ಯೋಹಾನ 19:26, 27). ಅಳುವ ತಾಯಿಗೆ ಕರ್ತನು ಕೊಟ್ಟ ಆದರಣೆಯು ಒಂದು ಮನೆ, ಒಬ್ಬ ಮನುಷ್ಯ. ಸಭೆಯೆಂದರೆ ಅದೇ ಅಲ್ಲವೇ?

ಇದನ್ನು ಕಲಿತ ಬಳಿಕ ನಾವು ಆ ಮನೆಗೆ ತಿರುಗಿ ಹೋಗಿ, ಮೊದಲು ಆಡಿದ ಮಾತಿಗಾಗಿ ಆ ತಾಯಿಯ ಕ್ಷಮೆಯನ್ನು ಬೇಡಿಕೊಂಡೆವು. ನಮ್ಮ ಮನೆಯವರೂ ಸಭೆಯ ಇಬ್ಬರು ಹಿರಿಯ ತಾಯಂದಿರೂ ಸರದಿಯಂತೆ ಹೋಗಿ ನೀರು ತಂದರು, ರೊಟ್ಟಿ ಬಡಿದರು, ಆಕೆಯು ಎರಡು ತಾಸು ನಿದ್ರಿಸುವಂತೆ ಮಕ್ಕಳನ್ನು ನೋಡಿಕೊಂಡರು. ಗಂಡನು ಕೂಸನ್ನು ಆಸ್ಪತ್ರೆಗೆ ಕರಕೊಂಡು ಹೋದನು, ಜ್ವರವು ಇಳಿಯಿತು. ಮೂರನೆಯ ಭಾನುವಾರ ಆಕೆಯು ಬಂದು ಹಿಂದೆ ಕೂತಳು. ಪ್ರಸಂಗದ ನಡುವೆ ಕೂಸು ಗಟ್ಟಿಯಾಗಿ ಅತ್ತಿತು. ಯಾರೂ ಹುಬ್ಬು ಗಂಟಿಕ್ಕಲಿಲ್ಲ. ಹುಡುಗನ ಧ್ವನಿಯನ್ನು ಕೇಳಿದ ದೇವರು ಇದನ್ನೂ ಕೇಳುತ್ತಾನೆಂದು ನೆನಸಿ ನಾವು ಪ್ರಸಂಗವನ್ನು ಮುಂದುವರಿಸಿದೆವು.

ಮನೆಯಲ್ಲಿ ಕೂಡಿ ಯೋಚಿಸತಕ್ಕ ಪ್ರಶ್ನೆಗಳು

1. ಹಾಗರಳ ಹತ್ತಿರದಲ್ಲಿದ್ದ ಬಾವಿಯು ಆಕೆಗೆ ಯಾಕೆ ಕಾಣಲಿಲ್ಲ?
2. ನಮ್ಮ ಸಭೆಯಲ್ಲಿ ದಣಿದಿರುವ ತಾಯಿ ಯಾರು? ಈ ವಾರ ಆಕೆಗೋಸ್ಕರ ನಾವು ಮಾಡತಕ್ಕ ಒಂದು ಕೆಲಸ ಯಾವದು?
3. ಗಂಡಂದಿರೇ, ನಿಮ್ಮ ಮನೆಯಲ್ಲಿ ತಿತ್ತಿಯ ನೀರು ಮುಗಿಯುತ್ತಾ ಬಂದದ್ದನ್ನು ನೀವು ನೋಡಿದ್ದೀರೋ?

ಪ್ರಾರ್ಥನೆ: ನಮ್ಮನ್ನು ನೋಡುವ ದೇವರೇ, ಮಾತಿಲ್ಲದ ತಾಯಂದಿರ ನಿಟ್ಟುಸಿರನ್ನು ಕೇಳು. ಅವರಿಗೆ ಬಾವಿಯನ್ನು ತೋರಿಸು. ನೀರು ಸೇದಿಕೊಡುವ ಕೈಗಳಾಗಿ ನಮ್ಮನ್ನು ಅವರ ಬಳಿಗೆ ಕಳುಹಿಸು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.