ಹೊರಬಿದ್ದದ್ದು ಎಲ್ಲಿಗೆ ಹೋಯಿತು?

ಧಾರವಾಡದಲ್ಲೋ ಮಂಗಳಗಂಗೋತ್ರಿಯಲ್ಲೋ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮುಂಬಯಿ ಸುತ್ತಲಿನ ಡೊಂಬಿವಲಿ, ಅಂಬರನಾಥ, ತುರ್ಭೆ, ತಳೋಜಗಳ ಕಾರ್ಖಾನೆಗಳಿಗೆ ಬರುವ ಮಕ್ಕಳೇ, ನಿಮಗೆ ಒಂದು ಮಾತು ಹೇಳಬೇಕು. ಸಾರಜನಕ ಸೇರಿದ ಉಂಗುರ ಕಟ್ಟುವುದು ದೊಡ್ಡ ವಿದ್ಯೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಶಾಲೆಯ ಮಕ್ಕಳಿಗೆ ಜಂತುಹುಳಕ್ಕೆ ಕೊಡುವ ಆಲ್ಬೆಂಡಜೋಲ್, ಅಜ್ಜಿಯ ರಕ್ತದೊತ್ತಡದ ಆಮ್ಲೋಡಿಪಿನ್ ಎಲ್ಲವೂ ಇಂಥ ಉಂಗುರಗಳೇ. ಪರೀಕ್ಷೆಯಲ್ಲಿ ಬಾಣದ ಬಲಗಡೆ ಉತ್ಪನ್ನದ ರಚನೆ ಬರೆದರೆ ಪೂರ್ತಿ ಅಂಕ ಸಿಗುತ್ತಿತ್ತು. ಕಾರ್ಖಾನೆಯಲ್ಲಿ ಅದು ಅರ್ಧ ಉತ್ತರ ಮಾತ್ರ. ಉತ್ಪನ್ನದ ಜೊತೆಗೆ ಏನು ಹೊರಬಿತ್ತು, ಎಷ್ಟು ಹೊರಬಿತ್ತು, ಎಲ್ಲಿಗೆ ಹೋಯಿತು ಎಂಬುದು ಉಳಿದರ್ಧ.

ಉಂಗುರ ಕೂಡುವಾಗ ಏನಾದರೂ ಹೊರಬೀಳುವುದು ಈ ವಿಧಾನಗಳ ಸ್ವಭಾವ. ಎಮಿಲ್ ಫಿಶರ್ 1883ರಲ್ಲಿ ತೋರಿಸಿದ ಇಂಡೋಲ್ ವಿಧಾನದಲ್ಲಿ ಅಮೋನಿಯಾ ಬಿಡುಗಡೆಯಾಗುತ್ತದೆ. ಹಾಂಚ್ ವಿಧಾನದಲ್ಲಿ ಒಂದು ಆಲ್ಡಿಹೈಡ್, ಎರಡು ಅಸಿಟೋಅಸಿಟೇಟ್, ಒಂದು ಅಮೋನಿಯಾ ಕೂಡಿದಾಗ ಮೂರು ಅಣು ನೀರು ಬರುತ್ತದೆ. ಇದು ಸೌಮ್ಯ. ಠಾಣೆ–ಬೇಲಾಪುರ ಪಟ್ಟಿಯಲ್ಲಿ ಬೆಳೆದ ರಬ್ಬರ್ ರಾಸಾಯನಿಕಗಳ ಉದ್ಯಮದ ಕಥೆ ಬೇರೆ. ಟೈರಿನ ರಬ್ಬರಿಗೆ ಬೇಕಾಗುವ ಮರ್ಕ್ಯಾಪ್ಟೋಬೆಂಜೋಥಯಾಜೋಲ್ ತಯಾರಿಸಲು ಅನಿಲಿನ್, ಕಾರ್ಬನ್ ಡೈಸಲ್ಫೈಡ್, ಗಂಧಕಗಳನ್ನು ಹೆಚ್ಚಿನ ಒತ್ತಡದಲ್ಲಿ ಸುಮಾರು 250 ಡಿಗ್ರಿಗೆ ಕಾಯಿಸುತ್ತಾರೆ. ಹೊರಬೀಳುವುದು ಹೈಡ್ರೋಜನ್ ಸಲ್ಫೈಡ್. ಅದು ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದು ನೆಮ್ಮದಿಪಡಬೇಡಿ. ಡಿಟೆಕ್ಟರ್ ನೋಡಿ, ಸ್ಕ್ರಬ್ಬರ್ ನೋಡಿ.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ಬಣ್ಣಗಳಿಗೆ ಹೆಸರಾದದ್ದು. ಹತ್ತಿಬಟ್ಟೆಯ ಎಷ್ಟೋ ರಿಯಾಕ್ಟಿವ್ ಬಣ್ಣಗಳ ಆಧಾರ ಸಯನೂರಿಕ್ ಕ್ಲೋರೈಡ್: ಮೂರು ಸಾರಜನಕದ ಉಂಗುರ, ಅದರ ಮೇಲೆ ಮೂರು ಕ್ಲೋರಿನ್. ಮೊದಲ ಕ್ಲೋರಿನ್ನನ್ನು ಐಸ್ ಹಾಕಿ 0–5 ಡಿಗ್ರಿಯಲ್ಲಿ ಬದಲಿಸುತ್ತೇವೆ, ಎರಡನೆಯದನ್ನು ಅದಕ್ಕಿಂತ ಬೆಚ್ಚಗೆ, ಮೂರನೆಯದಕ್ಕೆ ಚೆನ್ನಾಗಿ ಕಾಯಿಸಬೇಕು. ಮೊದಲ ಹಂತದಲ್ಲೇ ಉಷ್ಣತೆ ಏರಿದರೆ ಸಯನೂರಿಕ್ ಕ್ಲೋರೈಡ್ ನೀರಿನೊಂದಿಗೇ ಕೂಡಿ ಹಾಳಾಗುತ್ತದೆ, ಜೊತೆಗೆ ಶಾಖ ಬಿಡುತ್ತದೆ. ಪ್ರತಿ ಕ್ಲೋರಿನ್ ಹೋದಾಗಲೂ ಒಂದು ಹೈಡ್ರೋಕ್ಲೋರಿಕ್ ಆಮ್ಲ ಬರುತ್ತದೆ. ಸೋಡಾ ಆಶ್ ಹಾಕಿ ಶಮನ ಮಾಡಿದಾಗ ಅದು ಉಪ್ಪಾಗುತ್ತದೆ. ಆ ಉಪ್ಪನ್ನು ತ್ಯಾಜ್ಯನೀರು ಶುದ್ಧೀಕರಿಸುವ ಇಟಿಪಿಯ ಬ್ಯಾಕ್ಟೀರಿಯಾ ತಿನ್ನುವುದಿಲ್ಲ. ನೀರು ಬೆರೆಸಿ ತೆಳುವಾಗಿಸಿದರೂ ಒಂದು ಕಿಲೋ ಉಪ್ಪು ಒಂದು ಕಿಲೋ ಆಗಿಯೇ ಉಳಿಯುತ್ತದೆ. ನೀರನ್ನು ಆವಿಯಾಗಿಸಿ ಅದನ್ನು ತೆಗೆಯುವ ಖರ್ಚು ಬಣ್ಣದ ಬೆಲೆಯ ಲೆಕ್ಕದಲ್ಲಿ ಮೊದಲ ದಿನದಿಂದಲೇ ಸೇರಬೇಕು.

ಕಣ್ಣಿಗೆ ಕಾಣದೆ ಹೊರಬೀಳುವುದು ಶಾಖ. ಅನಿಲಿನ್, ಗ್ಲಿಸರಿನ್, ಗಂಧಕಾಮ್ಲ, ಒಂದು ಆಕ್ಸಿಡೀಕಾರಕ ಸೇರಿಸಿ ಕ್ವಿನೋಲಿನ್ ಮಾಡುವ ಸ್ಕ್ರೌಪ್ ವಿಧಾನ 1880ರಷ್ಟು ಹಳೆಯದು, ಕೈಮೀರುವುದಕ್ಕೂ ಕುಖ್ಯಾತ. ಫೆರಸ್ ಸಲ್ಫೇಟ್ ಹಾಕಿ ಅದರ ಆರ್ಭಟ ತಗ್ಗಿಸುವುದನ್ನು ಓದಿದ್ದೀರಿ. ಒಂದು ಲೀಟರ್ ಫ್ಲಾಸ್ಕಿನಿಂದ ಅದೇ ಆಕಾರದ ಸಾವಿರ ಲೀಟರ್ ರಿಯಾಕ್ಟರಿಗೆ ಹೋದಾಗ ಶಾಖ ಸಾವಿರ ಪಟ್ಟು ಹುಟ್ಟುತ್ತದೆ, ಅದನ್ನು ಹೀರುವ ಗೋಡೆ ನೂರು ಪಟ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ನಿಧಾನವಾಗಿ ಸೇರಿಸಿ. ರಿಯಾಕ್ಟರ್ ತೀರಾ ತಣ್ಣಗಿದ್ದಾಗ ಸೇರಿಸುತ್ತಾ ಹೋದರೂ ಅಪಾಯವೇ; ಕೂಡದೆ ಉಳಿದದ್ದೆಲ್ಲ ಬೆಚ್ಚಗಾದೊಡನೆ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಕರೆಂಟ್ ಹೋಗಿ ಸ್ಟರರ್ ನಿಂತರೆ ಮೊದಲು ಫೀಡ್ ನಿಲ್ಲಿಸಿ. ಕರೆಂಟ್ ಬಂತೆಂದು ಥಟ್ಟನೆ ಸ್ಟರರ್ ಚಾಲೂ ಮಾಡಬೇಡಿ. ಬೇರೆಬೇರೆ ಪದರಗಳಾಗಿ ನಿಂತದ್ದು ಒಮ್ಮೆಲೇ ಬೆರೆಯುತ್ತದೆ.

ಕೆಲವೊಮ್ಮೆ ಹೊರಬಿದ್ದದ್ದು ಉತ್ಪನ್ನದೊಳಗೇ ಅಡಗಿ ಕೂರುತ್ತದೆ. ವಾಲ್ಸಾರ್ಟನ್ ಎಂಬ ರಕ್ತದೊತ್ತಡದ ಔಷಧದಲ್ಲಿ ನಾಲ್ಕು ಸಾರಜನಕದ ಟೆಟ್ರಜೋಲ್ ಉಂಗುರವಿದೆ. ಅದನ್ನು ಸೋಡಿಯಂ ಅಜೈಡ್‌ನಿಂದ ಕಟ್ಟುತ್ತಾರೆ. ಚೀನಾದ ಒಬ್ಬ ತಯಾರಕರು ವಿಧಾನ ಬದಲಿಸಿ ಡಿಎಂಎಫ್ ದ್ರಾವಕ ಬಳಸಿದರು, ಮಿಕ್ಕ ಅಜೈಡ್ ನಾಶಮಾಡಲು ನೈಟ್ರೈಟ್ ಹಾಕಿದರು. ದ್ರಾವಕದಿಂದ ಬಂದ ಡೈಮಿಥೈಲ್ ಅಮೈನ್ ನೈಟ್ರೈಟಿನೊಂದಿಗೆ ಕೂಡಿ ಎನ್‌ಡಿಎಂಎ ಆಯಿತು. ಅದು ಕ್ಯಾನ್ಸರ್ ತರಬಲ್ಲದ್ದು. 2018ರಲ್ಲಿ ಹಲವು ದೇಶಗಳು ಆ ಮಾತ್ರೆಗಳನ್ನು ವಾಪಸ್ ತರಿಸಿಕೊಂಡವು. ವಿಧಾನದಲ್ಲಿ ಒಂದು ದ್ರಾವಕ ಬದಲಾದರೂ ಕೊನೆಯ ತೊಳೆತದವರೆಗೆ ಎಲ್ಲವನ್ನೂ ಹೊಸದಾಗಿ ಯೋಚಿಸಿ.

ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಊರು ಡೊಂಬಿವಲಿ. ಇಲ್ಲಿ ಎಂಐಡಿಸಿಗೂ ಮನೆಗಳಿಗೂ ನಡುವೆ ಒಂದು ರಸ್ತೆ ಮಾತ್ರ. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಡೊಂಬಿವಲಿಯ ಕಾರ್ಖಾನೆಗಳಲ್ಲಿ ಸ್ಫೋಟವಾಯಿತು. ಎರಡು ಸಲವೂ ಹತ್ತಕ್ಕೂ ಹೆಚ್ಚು ಜನ ಸತ್ತರು, ದೂರದ ಕಟ್ಟಡಗಳ ಗಾಜು ಒಡೆದವು. 2020ರಲ್ಲಿ ಎಂಐಡಿಸಿಯ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಗೇಟಿನ ಹೊರಗೆ ಹೋದದ್ದು ಉಲ್ಲಾಸ್ ನದಿಗೆ, ಕಲ್ಯಾಣದ ಖಾಡಿಗೆ, ಕೋಳಿ ಸಮುದಾಯದ ಮೀನುಗಾರರ ಬಲೆಗೆ, ನಮ್ಮ ಮಕ್ಕಳ ಉಸಿರಿಗೆ ಸೇರುತ್ತದೆ.

ಹೊಸ ಬ್ಯಾಚ್ ಹಾಕುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಅನಿಲ, ಎಷ್ಟು ಶಾಖ, ಎಷ್ಟು ಉಪ್ಪು, ಏನು ಮಿಕ್ಕಿತು, ಪ್ರತಿಯೊಂದಕ್ಕೂ ದಾರಿ ಯಾವುದು. ಬರೆದದ್ದನ್ನು ವಾಲ್ವ್ ತಿರುಗಿಸುವ ಆಪರೇಟರಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ವಿವರಿಸಿ. ರಾತ್ರಿ ಪಾಳಿಯಲ್ಲಿ ರಿಯಾಕ್ಟರಿನ ಪಕ್ಕ ನಿಲ್ಲುವವರು ಅವರು. ಒಂದು ದಾರಿ ಖಾಲಿ ಉಳಿದರೂ ಬ್ಯಾಚ್ ಹಾಕಬೇಡಿ. ಮೇಲಿನವರು ಅವಸರಪಡಿಸಿದರೆ ಆ ಹಾಳೆ ತೋರಿಸಿ, ವಿನಯದಿಂದ, ಆದರೆ ಬಿಡದೆ. ಇಳುವರಿ ಶೇಕಡಾ ಎರಡು ಹೆಚ್ಚಿಸಿದವರಿಗಿಂತ ಹಾಗೆ ನಿಂತವರನ್ನೇ ನಾನು ಒಳ್ಳೆಯ ಕೆಮಿಸ್ಟ್ ಎನ್ನುತ್ತೇನೆ.